ಮನೆಯಲ್ಲಿ ಆಫ್ರಿಕನ್ ಸಿಕ್ಲಿಡ್ ಕಾಲೊನಿ: ಹಳದಿ ಲ್ಯಾಬ್, ಬ್ರಿಚಾರ್ಡಿ, ಮಲ್ಟಿ – ಯಾವುದು ಸರಿ?

ಆಫ್ರಿಕನ್ ಸಿಕ್ಲಿಡ್, ಅಂದರೆ ಆಫ್ರಿಕಾದ ಸಿಹಿನೀರಿನ ಒಂದು ಕುಟುಂಬದ ಮೀನು, ಸಾಕಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಒಂದು ಟ್ಯಾಂಕ್, ಒಂದೇ ಜಾತಿ. ಅಂಗಡಿಯ 'ಮಿಕ್ಸ್ ಆಫ್ರಿಕನ್' ಟ್ಯಾಂಕಿನಿಂದ ಬಣ್ಣಕ್ಕೊಂದು ಮೀನು ಆರಿಸಿ ತಂದರೆ ನೋಡಲು ಚೆಂದವೇ. ಆದರೆ ಅದು ಕಾಲೊನಿ ಆಗುವುದಿಲ್ಲ. ಒಂದೇ ಜಾತಿಯ ಮೀನುಗಳು ಜಾಗ ಹಂಚಿಕೊಂಡು, ಮರಿ ಮಾಡಿ, ಆ ಮರಿಗಳು ಅದೇ ನೀರಿನಲ್ಲಿ ದೊಡ್ಡವಾಗಬೇಕು. ಸಿಕ್ಲಿಡ್ ಸಾಕುವ ಸಂತೋಷ ಇರುವುದೇ ಅಲ್ಲಿ. ಧಾರವಾಡದ ನಮ್ಮ ಮನೆಯಲ್ಲಿ ಮೂರು ಜಾತಿಗಳನ್ನು ಹೀಗೆ ಬೇರೆ ಬೇರೆಯಾಗಿ ಸಾಕಿ ನೋಡಿದ್ದೇನೆ. ಮಲಾವಿ ಸರೋವರದ ಹಳದಿ ಲ್ಯಾಬ್ ಒಂದು. ಟ್ಯಾಂಗನಿಕಾ ಸರೋವರದ ಬ್ರಿಚಾರ್ಡಿ ಮತ್ತು ಮಲ್ಟಿಫ್ಯಾಸಿಯಾಟಸ್ ಇನ್ನೆರಡು. ಕೊನೆಯದನ್ನು ಸಾಕುವವರೆಲ್ಲ ಮಲ್ಟಿ ಅಂತಲೇ ಕರೆಯುತ್ತಾರೆ.

ಗುರುತು ಹಿಡಿಯುವುದು ಅತಿ ಕಷ್ಟವಾಗಿದ್ದು ಹಳದಿ ಲ್ಯಾಬ್‌ನದು. ಫ್ರೈಯರ್ ಎಂಬ ವಿಜ್ಞಾನಿ 1956ರಲ್ಲಿ ಹೆಸರಿಟ್ಟ ಜಾತಿ ಇದು. ಸರೋವರದಲ್ಲಿ ಇವುಗಳ ಬಹುಪಾಲು ನೀಲಿ ಮಿಶ್ರಿತ ಬಿಳಿ ಬಣ್ಣದವು. ನಾವು ಸಾಕುವ ಹಳದಿ ಬಗೆ ಪಶ್ಚಿಮ ದಂಡೆಯ ಲಯನ್ಸ್ ಕೋವ್ ಸುತ್ತಲಿನದು. ಶುದ್ಧ ತಳಿಗೆ ಮೈಯೆಲ್ಲ ಒಂದೇ ಸಮ ಹಳದಿ. ಬೆನ್ನಿನ ರೆಕ್ಕೆಯ ಉದ್ದಕ್ಕೂ ಕಪ್ಪು ಪಟ್ಟಿ. ಬಲಿತಾಗ ಹೊಟ್ಟೆಯ ಕೆಳಗಿನ ರೆಕ್ಕೆಗಳಿಗೂ ಕಪ್ಪು ಬರುತ್ತದೆ. ಮೈಮೇಲೆ ಮಸುಕಾದ ಅಡ್ಡಪಟ್ಟೆ ಕಂಡರೆ, ಹಳದಿಯಲ್ಲಿ ಕಿತ್ತಳೆ ಬೆರೆತಿದ್ದರೆ, ಕಪ್ಪು ಪಟ್ಟಿ ತುಂಡುತುಂಡಾಗಿದ್ದರೆ ಅನುಮಾನ ಪಡಿ. ಮಲಾವಿಯದೇ ಆದ ರೆಡ್ ಜೀಬ್ರಾ ಎಂಬ ಸಿಕ್ಲಿಡ್ ಜೊತೆ ಇವು ಸುಲಭವಾಗಿ ಬೆರಕೆಯಾಗುತ್ತವೆ. ಇನ್ನೊಂದು ಗೊಂದಲ ಕೆನ್ಯಿ ಎಂಬ ಮಲಾವಿ ಸಿಕ್ಲಿಡ್. ಅದರ ಮರಿಗಳೂ ಹೆಣ್ಣುಗಳೂ ನೀಲಿ, ಬಲಿತ ಗಂಡು ಮಾತ್ರ ಹಳದಿ. 'ಹಳದಿ ಮೀನು' ಅಂತಷ್ಟೇ ಕೇಳಿದರೆ ಆ ಜಗಳಗಂಟನೂ ಮನೆಗೆ ಬರಬಹುದು. ಔರಾಟಸ್ ಎಂಬ ಇನ್ನೊಂದು ಮಲಾವಿ ಮೀನು ಕೂಡ ಹಾಗೆಯೇ. ಹಳದಿ ಮೈಗೆ ಉದ್ದುದ್ದ ಕಪ್ಪು ಗೆರೆಯ ಮರಿಯನ್ನು ನೋಡಿದರೆ ಬಿಡಲು ಮನಸ್ಸು ಬರುವುದಿಲ್ಲ. ದೊಡ್ಡದಾದ ಮೇಲೆ ಗಂಡು ಕಪ್ಪಾಗಿ ಟ್ಯಾಂಕಿನ ತುಂಬ ಓಡಾಡಿ ಹೊಡೆಯುತ್ತದೆ.

ಬ್ರಿಚಾರ್ಡಿಗೆ ಪಲ್ಚರ್ ಅನ್ನುವ ಜೋಡಿ ಜಾತಿ ಇದೆ. ಇವೆರಡನ್ನು ಕಿವಿರಿನ ಮುಚ್ಚಳದ ಗುರುತಿನಿಂದ ಬೇರೆ ಮಾಡಬಹುದು. ಬ್ರಿಚಾರ್ಡಿಗೆ ಕಣ್ಣಿನಿಂದ ಒಂದು ಅಡ್ಡಗೆರೆ ಹೊರಟು ನೆಟ್ಟಗಿನ ಗುರುತಿಗೆ ಸೇರುತ್ತದೆ. ಪಲ್ಚರ್‌ಗೆ ಎರಡು ಬಾಗಿದ ಗೆರೆಗಳು. ಮಲ್ಟಿ ಮತ್ತು ಅದನ್ನೇ ಹೋಲುವ ಸಿಮಿಲಿಸ್ ಎಂಬ ಜಾತಿಯ ವಿಷಯದಲ್ಲಿ ತಲೆ ನೋಡಿದರೆ ಸಾಕು. ಸಿಮಿಲಿಸ್‌ನ ಪಟ್ಟೆಗಳು ತಲೆಯ ಮೇಲೂ ಬರುತ್ತವೆ, ಮಲ್ಟಿಯವು ತಲೆಯ ಹಿಂದೆಯೇ ನಿಲ್ಲುತ್ತವೆ.

ಇನ್ನು ನೀರು. ಈ ಊರಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಇದೇ. ಎರಡೂ ಸರೋವರಗಳ ಮೀನಿಗೆ ಗಡಸು, ಕ್ಷಾರದ ನೀರು ಬೇಕು. ಮಲಾವಿಯದಕ್ಕೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8ರ ಆಸುಪಾಸು ಸಾಕು, ಟ್ಯಾಂಗನಿಕಾದ ನೀರಿನಲ್ಲಿ ಅದು 9ರವರೆಗೂ ಇರುತ್ತದೆ. ನಮ್ಮ ಬೋರ್ ನೀರು ಸೋಪಿಗೆ ನೊರೆ ಬರದಷ್ಟು ಗಡಸು. ಮನೆಯವರಿಗೆ ಬೇಜಾರು, ಮೀನಿಗೆ ಒಳ್ಳೆಯದು. ನಳದ ನೀರು ನವಿಲುತೀರ್ಥದಿಂದ ಬರುವ ಮಲಪ್ರಭೆಯದು. ಎಷ್ಟೋ ಬಡಾವಣೆಗಳಿಗೆ ಅದು ದಿನಾ ಬರುವುದಿಲ್ಲ. ಆದ್ದರಿಂದ ಟ್ಯಾಂಕಿನ ಅಳತೆ ಎಂದರೆ ವಾರಕ್ಕೆ ಎಷ್ಟು ನೀರು ಕೂಡಿಡಬೇಕು ಅನ್ನುವ ಲೆಕ್ಕ. ಲ್ಯಾಬ್ ಕಾಲೊನಿಗೆ 4 ಅಡಿಯ, ಸುಮಾರು 250 ಲೀಟರ್ ಟ್ಯಾಂಕ್ ಬೇಕು. ಪ್ರತಿ ವಾರ 30 ಪ್ರತಿಶತ ಬದಲಿಸಿದರೂ 75 ಲೀಟರ್. ಬ್ರಿಚಾರ್ಡಿಗೆ 3 ಅಡಿಯದು. ಮಲ್ಟಿಗೆ 2 ಅಡಿ ಉದ್ದ, ಸುಮಾರು 55 ಲೀಟರ್ ಸಾಕು, ವಾರಕ್ಕೆ ಒಂದು ಬಕೆಟ್ ನೀರಿನಲ್ಲಿ ಕೆಲಸ ಮುಗಿಯುತ್ತದೆ. ನಳದ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು. ಇನ್ನೊಂದು ಮಾತು ನೆನಪಿಡಿ: ಪಿಎಚ್ ಏರಿದಷ್ಟೂ, ಮೀನಿನ ಹೊಲಸಿನಿಂದ ಬರುವ ಅಮೋನಿಯಾದ ವಿಷ ಹೆಚ್ಚು. ಫಿಲ್ಟರ್ ಪಕ್ವವಾಗುವ, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುವ, ಮೊದಲೇ ಮೀನು ಬಿಟ್ಟರೆ, ಬೇರೆ ಮೀನು ತಡೆದುಕೊಂಡಲ್ಲಿ ಇವು ತಡೆದುಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಮಾತ್ರ ದೊಡ್ಡ ಟ್ಯಾಂಕೇ ಮೇಲು. ಏಪ್ರಿಲ್–ಮೇ ತಿಂಗಳಲ್ಲಿ 2 ಅಡಿಯ ಟ್ಯಾಂಕ್ ಮಧ್ಯಾಹ್ನದೊಳಗೆ ಬಿಸಿಯಾಗುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ. ನೀರಿನ ಮೇಲೆ ಗಾಳಿ ಬೀಳುವಂತೆ ಸಣ್ಣ ಫ್ಯಾನ್ ಇಟ್ಟರೆ ತಗ್ಗುತ್ತದೆ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಮೂರಕ್ಕೂ ಬೇಕೇ ಬೇಕು. ಗದಗದ ಕಡೆ ಬಿಸಿಲು ಇನ್ನೂ ಜಾಸ್ತಿ, ಅಲ್ಲಿಯವರು ಈ ವಿಷಯದಲ್ಲಿ ಎಚ್ಚರ ಇರಲಿ.

ಕಲ್ಲಿಗೆ ಖರ್ಚು ಮಾಡಬೇಡಿ. ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ ಫರಸಿ ಸುಣ್ಣದ ಕಲ್ಲೇ. ಪಾಲಿಶ್ ಇಲ್ಲದ ಒಡೆದ ತುಂಡುಗಳನ್ನು ಚೆನ್ನಾಗಿ ತೊಳೆದು ಒಂದರ ಮೇಲೊಂದು ಇಟ್ಟರೆ ಲ್ಯಾಬ್‌ಗೂ ಬ್ರಿಚಾರ್ಡಿಗೂ ಗುಹೆ ಸಿದ್ಧ. ಕಲ್ಲನ್ನು ಉಸುಕಿನ ಮೇಲಲ್ಲ, ಗಾಜಿನ ತಳಕ್ಕೆ ತೆಳು ಥರ್ಮಾಕೋಲ್ ಹಾಸಿ ಅದರ ಮೇಲೆ ಇಡಿ. ಇವು ಅಡಿಯ ಉಸುಕನ್ನು ಅಗೆಯುತ್ತವೆ, ಕಲ್ಲು ಕುಸಿದರೆ ಮೀನೂ ಹೋಯಿತು, ಗಾಜೂ ಹೋಯಿತು.

ಈಗ ಮುಖ್ಯ ವಿಷಯ, ಕಾಲೊನಿಯ ಬದುಕು. ಲ್ಯಾಬ್ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮೂರು ವಾರದಷ್ಟು ಏನೂ ತಿನ್ನದೆ ಇರುತ್ತದೆ. ಗದ್ದ ಉಬ್ಬಿರುತ್ತದೆ, ಮೂಲೆ ಹಿಡಿದಿರುತ್ತದೆ. ಆ ತಾಯಿಯನ್ನು ನೋಡುವುದೇ ಒಂದು ಅನುಭವ. ಆದರೆ ಉಗುಳಿದ ಮರಿಗಳನ್ನು ಉಳಿದ ದೊಡ್ಡ ಮೀನುಗಳು ತಿನ್ನುತ್ತವೆ, ಕಲ್ಲಿನ ಸಂದಿಯಲ್ಲಿ ಅಡಗಿದ ಕೆಲವು ಮಾತ್ರ ಉಳಿಯುತ್ತವೆ. ಸಂಸಾರ ಅಂತ ಕಾಣುವುದು ಕಡಿಮೆ.

ಬ್ರಿಚಾರ್ಡಿಯದು ತುಂಬು ಕುಟುಂಬ. ಹಿಂದಿನ ಸಲದ ಮರಿಗಳು ದೊಡ್ಡವಾದ ಮೇಲೂ ಹೋಗದೆ, ಹೊಸ ತಮ್ಮ ತಂಗಿಯರನ್ನು ಕಾಯುತ್ತವೆ. ಬೇರೆ ಬೇರೆ ವಯಸ್ಸಿನ ಮೀನುಗಳು ಒಂದೇ ಗುಹೆಯ ಮುಂದೆ ನಿಂತು ಕಾವಲು ಮಾಡುವುದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ತೊಂದರೆ ಏನೆಂದರೆ, ಜೋಡಿ ಕೂಡಿದ ಕೂಡಲೇ ಟ್ಯಾಂಕೆಲ್ಲ ಅವರದೇ. ಜೊತೆಗೆ ತಂದ ಉಳಿದ ದೊಡ್ಡ ಮೀನುಗಳನ್ನು ಹೊಡೆದು ಮೇಲಿನ ಮೂಲೆಗೆ ಅಟ್ಟುತ್ತವೆ. ಅವನ್ನು ತೆಗೆಯಲು ಇನ್ನೊಂದು ಟ್ಯಾಂಕ್ ಸಿದ್ಧವಿರಬೇಕು.

ನನ್ನ ಮತ ಮಲ್ಟಿಗೆ. ಗಂಡು 4–5 ಸೆಂಟಿಮೀಟರ್, ಹೆಣ್ಣು ಇನ್ನೂ ಸಣ್ಣದು. ಸರೋವರದಲ್ಲಿ ನಿಯೋಥೌಮಾ ಎಂಬ ಬಸವನಹುಳುವಿನ ಖಾಲಿ ಚಿಪ್ಪುಗಳಲ್ಲಿ ವಾಸ. ಆ ಚಿಪ್ಪು ನಮಗೆಲ್ಲಿ ಸಿಗಬೇಕು? ಹಾನಗಲ್ ಕಡೆಯ ಭತ್ತದ ಗದ್ದೆಯಿಂದ ದೊಡ್ಡ ಬಸವನಹುಳುಗಳ ಖಾಲಿ ಚಿಪ್ಪು ತರಿಸಿ, ಕುದಿಸಿ ತೊಳೆದು ಹಾಕಿದೆ. ಮೀನಿಗೆ ಎರಡು ಮೂರರಂತೆ ಇರಲಿ. ಸಣ್ಣ ಉಸುಕನ್ನು 5 ಸೆಂಟಿಮೀಟರಿಗೂ ಹೆಚ್ಚು ದಪ್ಪಕ್ಕೆ ಹಾಕಿ. ಆಮೇಲಿನ ಕೆಲಸ ಅವುಗಳದ್ದೇ. ಬಾಯಿ ತುಂಬ ಉಸುಕು ತುಂಬಿಕೊಂಡು ದೂರ ಒಯ್ದು ಉಗುಳುತ್ತವೆ. ಚಿಪ್ಪನ್ನು ಬಾಯಿ ಮೇಲೆ ಬರುವಂತೆ ಹೂಳುತ್ತವೆ. ಪಕ್ಕದ ಮನೆಯ ಉಸುಕು ತನ್ನ ಹೊಂಡಕ್ಕೆ ಬಿದ್ದರೆ ಜಗಳಕ್ಕೆ ನಿಲ್ಲುತ್ತವೆ. ಮರಿಗಳು ಚಿಪ್ಪಿನ ಬಾಯಲ್ಲಿ ಸಾಸಿವೆಯಷ್ಟು ಕಣ್ಣು ಬಿಟ್ಟು ಕೂರುತ್ತವೆ, ಅವನ್ನು ಯಾರೂ ತಿನ್ನುವುದಿಲ್ಲ. ಹೀಗಾಗಿ ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರೂ ಒಂದೇ 2 ಅಡಿಯಲ್ಲಿ ಇರುತ್ತಾರೆ. ಬಣ್ಣ ಮಾತ್ರ ಇಲ್ಲ, ಬರೀ ಕಂದು ಪಟ್ಟೆ. ಹಾಲ್‌ನಲ್ಲಿ ಬಂದವರ ಕಣ್ಣಿಗೆ ಬೀಳಬೇಕು ಅನ್ನುವವರಿಗೆ ಲ್ಯಾಬ್ ಸರಿ. ಇನ್ನೊಂದು ಕೊರತೆ, ಇಲ್ಲಿಯ ಅಂಗಡಿಗಳಲ್ಲಿ ನನಗೆ ಮಲ್ಟಿ ಸಿಗಲಿಲ್ಲ. ಚೆನ್ನೈನ ಕೊಳತ್ತೂರಿನಿಂದ ತರಿಸಿಕೊಳ್ಳಬೇಕಾಯಿತು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲ್ಯಾಬ್‌ಗೆ ಸ್ಪಿರುಲಿನಾ ಪಾಚಿ ಇರುವ ಕಾಳು, ಮಲ್ಟಿ ಮರಿಗಳಿಗೆ ಆಗತಾನೇ ಮೊಟ್ಟೆ ಒಡೆದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿ. ಟ್ಯೂಬಿಫೆಕ್ಸ್ ಹುಳ ಬೇಡ.

ಮೂರರಲ್ಲಿ ಯಾವುದನ್ನು ಸಾಕಿದರೂ ಮರಿ ಹೆಚ್ಚಾಗುತ್ತವೆ. ಉಣಕಲ್ ಕೆರೆಗೋ ಸಾಧನಕೇರಿಗೋ ಬಿಡುವ ಯೋಚನೆ ಮಾಡಲೇಬೇಡಿ. ಜಿಲೇಬಿ ಅಂತ ಮಾರುವ ತಿಲಾಪಿಯಾ ಕೂಡ ಆಫ್ರಿಕನ್ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದದ್ದು ಇವತ್ತು ಎಷ್ಟು ಕೆರೆಗಳಲ್ಲಿದೆ ನೋಡಿ. ಹೆಚ್ಚಾದ ಲ್ಯಾಬ್ ಮರಿಗಳನ್ನು ಅಂಗಡಿಯವರು ಮೀನಿನ ಆಹಾರಕ್ಕೆ ಬದಲಾಗಿ ತೆಗೆದುಕೊಳ್ಳುತ್ತಾರೆ. ಮಲ್ಟಿಯನ್ನು ಬಲೆ ಹಾಕಿ ಹಿಡಿಯಲು ಹೋಗಬೇಡಿ. ಕೈ ಹತ್ತಿರ ಬಂದರೆ ಅವು ಚಿಪ್ಪಿನೊಳಗೆ ಸೇರುತ್ತವೆ. ಆ ಚಿಪ್ಪನ್ನೇ ಎತ್ತಿ ನೀರಿನ ಸಮೇತ ಡಬ್ಬಿಗೆ ಹಾಕಿ ಕೊಡಿ. ಬೇಕು ಅನ್ನುವವರು ಹುಬ್ಬಳ್ಳಿಯಲ್ಲಿಯೂ ಇದ್ದಾರೆ, ಹಾವೇರಿಯಲ್ಲಿಯೂ ಇದ್ದಾರೆ.