ಪಿಎಂಡಿ ಫೈಲ್ ಹಿಡ್ಕೊಂಡು ಡಿಟಿಪಿ ಅಂಗಡಿಗೆ ಹೋಗೋರು ಇದನ್ನ ಓದ್ಕೊಂಡು ಹೋಗಿ

ಇನ್ನೂ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ. 4,800 ರೂಪಾಯಿ ಹೋಯ್ತು. ದುಡ್ಡು ಹೋಗ್ಲಿ, ಆ ಮನುಷ್ಯ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ನಲ್ಲ.

ನಮ್ಮ ಅಪ್ಪಯ್ಯ 2006ರಲ್ಲಿ ಮನೆತನದ ಬಗ್ಗೆ, ಅಡಿಕೆ ತೋಟದ ಬಗ್ಗೆ, ಕೊಳೆರೋಗ ಬಂದ ವರ್ಷಗಳ ಬಗ್ಗೆ ಒಂದು ಪುಸ್ತಕ ಬರೆದು ಸಾಗರದಲ್ಲೇ ಡಿಟಿಪಿ ಮಾಡಿಸಿದ್ರು. ಮನೇಲಿದ್ದ ಕೊನೇ ಪ್ರತಿ ಗೆದ್ದಲು ತಿಂದಿದೆ. ಉಳಿದಿದ್ದು ಒಂದು ಸಿಡಿ. ಅವರ ವರ್ಷಾಂತಕ್ಕೆ ಮತ್ತೆ ಪ್ರಿಂಟ್ ಹಾಕಿಸಿ ನೆಂಟರಿಗೆ ಕೊಡೋಣ ಅಂತ ನೋಡಿದ್ರೆ ಫೈಲ್ ಹೆಸರಿನ ಕೊನೇಲಿ ಪಿಎಂಡಿ ಅಂತಿದೆ, ಯಾವುದರಲ್ಲೂ ಓಪನ್ ಆಗಲ್ಲ.

ಶಿವಮೊಗ್ಗದಲ್ಲಿ ದುರ್ಗಿಗುಡಿ ಕಡೆ ಒಂದು ಅಂಗಡಿಗೆ ಹೋದೆ. ಎರಡು ನಿಮಿಷ ನೋಡಿದ. "ಸರ್ ಇದು ಕರಪ್ಟ್ ಆಗಿದೆ, ಬೆಂಗಳೂರಿಗೆ ಕಳಿಸಿ ರಿಕವರಿ ಮಾಡಿಸ್ಬೇಕು, ಸಾಫ್ಟ್‌ವೇರ್ ಕೀಗೇ ಮೂರು ಸಾವಿರ ಆಗತ್ತೆ" ಅಂದ. ನಂಬಿದೆ. ಪೂರ್ತಿ ದುಡ್ಡು ಮುಂಚೆನೇ ಕೊಟ್ಟೆ, ಸಿಡೀನೂ ಅಲ್ಲೇ ಬಿಟ್ಟೆ. ನಾಳೆ ಬನ್ನಿ, ನಾಳಿದ್ದು ಬನ್ನಿ ಅಂತ ಸಾಗರದಿಂದ ಮೂರು ಸಲ ಬಸ್ ಹತ್ತಿಸಿದ.

ಕೊನೆಗೆ ಒಂದು ಪಿಡಿಎಫ್ ಕೊಟ್ಟ. ತೆಗೆದು ನೋಡಿದ್ರೆ ಒಂದಕ್ಷರ ಕನ್ನಡ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು ಚುಕ್ಕಿ. ಇದೇನಪ್ಪಾ ಅಂದ್ರೆ "ಫೈಲ್ ಓಪನ್ ಮಾಡ್ಕೊಡ್ತೀವಿ ಅಂದಿದ್ವಿ ಸರ್, ಓಪನ್ ಆಗಿದೆಯಲ್ಲ, ಓದೋಕೆ ಬರೋದು ಬಿಡೋದು ನಿಮ್ಮ ಫೈಲ್ ಮೇಲೆ." ಅಲ್ಲ ಮಾರಾಯ್ರೇ, ಓದಕ್ಕೆ ಬರದೇ ಇರೋ ಪುಸ್ತಕ ತಗೊಂಡು ನಾನೇನು ಮಾಡ್ಲಿ? ಅಂಗಡೀಲಿ ನಾಲ್ಕು ಜನ ನಿಂತಿದ್ರು, ನಾನು ಮಾತಾಡದೆ ಬಂದ್ಬಿಟ್ಟೆ, ಅದೇ ಈಗ ಕೊರೀತಿರೋದು.

ಅಳಿಯ ಫೈಲನ್ನ ಮೊದಲೇ ಕಾಪಿ ಮಾಡಿಟ್ಟಿದ್ದ. ಅದನ್ನ ಸಾಗರದಲ್ಲಿ ಹಳೇ ಡಿಟಿಪಿ ಮಾಡೋ ಒಬ್ಬರಿಗೆ ತೋರಿಸಿದ್ವಿ. ನೋಡಿದ ತಕ್ಷಣ "ಇದು ಪೇಜ್‌ಮೇಕರ್ 7 ಅಲ್ವಾ" ಅಂದ್ರು. ಪುಸ್ತಕದ ಪುಟ ಜೋಡಿಸೋಕೆ ಅಡೋಬಿ ಕಂಪನಿಯವರು 2001ರಲ್ಲಿ ಬಿಟ್ಟ ಸಾಫ್ಟ್‌ವೇರ್ ಅಂತೆ, ಅದರ ಫೈಲಿಗೇ ಕೊನೇಲಿ ಪಿಎಂಡಿ ಅಂತ ಬರೋದು, ಅದಕ್ಕೂ ಹಿಂದಿನ 6.5ರದ್ದಾದ್ರೆ ಕೊನೇಲಿ ಪಿ65 ಅಂತಿರತ್ತೆ. ಆಗ ಕನ್ನಡ ಟೈಪ್ ಮಾಡ್ತಿದ್ದಿದ್ದು ನುಡಿ, ಶ್ರೀಲಿಪಿ ಫಾಂಟಲ್ಲಿ, ಒಳಗಿರೋದು ಇಂಗ್ಲಿಷ್ ಸಂಕೇತಗಳೇ, ಆ ಫಾಂಟ್ ಹಾಕಿದ್ರೆ ಮಾತ್ರ ಕನ್ನಡ ಕಾಣೋದು. ಅವರು ನುಡಿ ಫಾಂಟ್ ಹಾಕಿ ತೆಗೆದ್ರು, ಮೊದಲ ಪುಟದಲ್ಲೇ ಅಪ್ಪಯ್ಯನ ಅರಿಕೆ. ಕರಪ್ಟೂ ಇಲ್ಲ ಏನೂ ಇಲ್ಲ. ನೂರು ರೂಪಾಯಿ ತಗೊಂಡ್ರು, ಅದೂ ನಾನು ಒತ್ತಾಯ ಮಾಡಿದ್ದಕ್ಕೆ.

ಆಮೇಲೆ ಅಳಿಯ ಲಿಬ್ರೆಆಫೀಸ್‌ನಲ್ಲೂ ತೆಗೆದ. ಪುಕ್ಕಟೆ ಸಾಫ್ಟ್‌ವೇರ್, ಪುಟದ ಜೋಡಣೆ ಸ್ವಲ್ಪ ಆಚೀಚೆ ಆಗತ್ತೆ, ನುಡಿ ಫಾಂಟ್ ಇದ್ರೆ ಅಕ್ಷರ ಎಲ್ಲ ಬರತ್ತೆ. ಪುಟ ಜೋಡಿಸೋಕೆ ಅಡೋಬಿಯವರದ್ದೇ ಇನ್ನೊಂದು ಸಾಫ್ಟ್‌ವೇರ್ ಇನ್‌ಡಿಸೈನ್ ಅಂತಿದೆ, ಅದರ ಸಿಎಸ್6 ವರೆಗಿನ ಆವೃತ್ತಿಗಳಲ್ಲೂ ಪಿಎಂಡಿ ಓಪನ್ ಆಗತ್ತಂತೆ, ಆಮೇಲೆ ಬಂದ ಆವೃತ್ತಿಗಳಲ್ಲಿ ಆಗಲ್ಲ. ಹಾಗಾಗಿ ಕರಪ್ಟ್ ಅಂದ್ರೆ ನಂಬಬೇಡಿ, ಪೇಜ್‌ಮೇಕರ್ ಇದೆಯಾ ನುಡಿ ಫಾಂಟ್ ಇದೆಯಾ ಅಂತ ಮೊದಲು ಕೇಳಿ, ಒಂದು ಪುಟ ಕನ್ನಡದಲ್ಲಿ ಕಣ್ಣೆದುರು ತೋರಿಸೋ ತನಕ ದುಡ್ಡು ಕೊಡಬೇಡಿ.

ದುಡ್ಡು ವಾಪಸ್ ಕೇಳಿ ಫೋನ್ ಮಾಡಿದ್ದಕ್ಕೆ "ಬಿಲ್ ಇದೆಯಾ ಸರ್" ಅಂದ. ಬಿಲ್ ಕೊಟ್ಟಿದ್ರೆ ತಾನೇ. ಸಿಡಿ ಆದ್ರೂ ಕೊಡಪ್ಪಾ ಅಂದೆ, "ಎಲ್ಲಿಟ್ಟಿದೀವೋ ಹುಡುಕ್ಬೇಕು" ಅಂದ. ಆ ಸಿಡಿ ಮೇಲೆ ಪುಸ್ತಕದ ಹೆಸರು ಅಪ್ಪಯ್ಯನೇ ಕೈಯಾರೆ ಬರೆದಿದ್ದು. ಸೋಮವಾರ ಮತ್ತೆ ಹೋಗ್ತೀನಿ, ಈ ಸಲ ಅದನ್ನ ತಗೊಂಡೇ ಬರೋದು.