ವೀ ಬ್ಯಾಲೆನ್ಸ್ ಬೋರ್ಡ್: ಹಿರಿಯರ ಸಮತೋಲನ ಅಳೆಯಲು ಎಷ್ಟು ನಂಬಬಹುದು?

ನಿಂಟೆಂಡೊ ಕಂಪನಿ 2007ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ತನ್ನ ವಿಡಿಯೋ ಗೇಮ್ ಯಂತ್ರ ವೀಗಾಗಿ, ವೀ ಫಿಟ್ ಎಂಬ ವ್ಯಾಯಾಮದ ಆಟದ ಜೊತೆಗೆ ಮಾರುಕಟ್ಟೆಗೆ ಬಿಟ್ಟ, ಮೇಲೆ ನಿಂತು ಆಡುವ ಬಿಳಿ ಹಲಗೆ ಇದು. ಈಗ ಹೊಸದು ತಯಾರಾಗುವುದಿಲ್ಲ, ಸಿಕ್ಕರೆ ಸೆಕೆಂಡ್‌ಹ್ಯಾಂಡ್. ಆದರೂ ಫಿಸಿಯೋಥೆರಪಿ ಕೇಂದ್ರಗಳಲ್ಲೂ ಕಾಲೇಜು ಲ್ಯಾಬುಗಳಲ್ಲೂ ಇದನ್ನು ಹುಡುಕಿ ಕೊಳ್ಳುವವರಿದ್ದಾರೆ. ಕಾರಣ ಸರಳ: ಪಾದದಡಿಯ ಬಲ ಅಳೆಯುವ ಪ್ರಯೋಗಾಲಯದ ಫೋರ್ಸ್ ಪ್ಲೇಟ್‌ಗೆ ಲಕ್ಷಗಟ್ಟಲೆ ಬೇಕು, ಇದಕ್ಕೆ ಅದರ ಒಂದು ಚೂರೂ ಬೇಡ. ತೀರ್ಪು ಮೊದಲೇ ಹೇಳಿಬಿಡಬಹುದು. ಸುಮ್ಮನೆ ನಿಂತವರ ಓಲಾಟವನ್ನು ಈ ಹಲಗೆ ಚೆನ್ನಾಗಿಯೇ ಅಳೆಯುತ್ತದೆ. ಬೀಳುವ ಅಪಾಯವನ್ನೂ ಅಳೆದುಕೊಡುತ್ತದೆ ಎಂದುಕೊಂಡು ಕೊಂಡರೆ ಮಾತ್ರ ದುಡ್ಡು ದಂಡ.

ಒಳಗಿರುವುದು ನಾಲ್ಕು ಲೋಡ್ ಸೆಲ್, ಅಂದರೆ ಭಾರ ಅಳೆಯುವ ಸಂವೇದಕ, ಮೂಲೆಗೊಂದರಂತೆ. ಹಲಗೆಯ ಉದ್ದ ಸುಮಾರು 51 ಸೆಂ.ಮೀ., ಅಗಲ 31, ಎತ್ತರ 5. ಭಾರದ ಮಿತಿ 150 ಕೆ.ಜಿ. ನಾಲ್ಕು ಎಎ ಬ್ಯಾಟರಿ ಹಾಕಿದರೆ ಬ್ಲೂಟೂತ್‌ನಲ್ಲಿ ಓದು ಹೊರಬರುತ್ತದೆ. ಪ್ರತಿ ಲೋಡ್ ಸೆಲ್‌ಗೆ 0, 17 ಮತ್ತು 34 ಕೆ.ಜಿ.ಯಲ್ಲಿ ಎಷ್ಟು ಓದು ಬರಬೇಕೆಂಬುದನ್ನು ಹಲಗೆಯ ನೆನಪಿನಲ್ಲೇ ಬರೆದಿಟ್ಟಿದ್ದಾರೆ. ಬಲಗಡೆಯ ಎರಡರ ಮೊತ್ತದಿಂದ ಎಡಗಡೆಯ ಎರಡರ ಮೊತ್ತ ಕಳೆದು, ಒಟ್ಟು ಭಾರದಿಂದ ಭಾಗಿಸಿ, ಲೋಡ್ ಸೆಲ್‌ಗಳ ನಡುವಿನ ಅಂತರದ ಅರ್ಧದಿಂದ ಗುಣಿಸಿದರೆ ಪಾದದಡಿಯ ಒತ್ತಡ ಕೇಂದ್ರ ಎಡಬಲದಲ್ಲಿ ಎಲ್ಲಿದೆ ಎಂದು ಸಿಗುತ್ತದೆ. ಹಿಂದುಮುಂದಿಗೂ ಇದೇ ಲೆಕ್ಕ. ಅಂತರ ಉದ್ದಕ್ಕೆ ಸುಮಾರು 43 ಸೆಂ.ಮೀ., ಅಗಲಕ್ಕೆ 24. ಹಲಗೆ ಕೆಳಮುಖವಾದ ಬಲವನ್ನಷ್ಟೇ ಅರಿಯುತ್ತದೆ. ಪಾದ ನೆಲವನ್ನು ಪಕ್ಕಕ್ಕೆ ತಳ್ಳುವ ಬಲ ಇದಕ್ಕೆ ಗೊತ್ತಾಗುವುದಿಲ್ಲ, ಅದಕ್ಕೆ ಫೋರ್ಸ್ ಪ್ಲೇಟೇ ಬೇಕು.

ನಿಖರತೆಯ ಬಗ್ಗೆ ಹೆಚ್ಚಾಗಿ ತೋರಿಸುವುದು ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ 2010ರಲ್ಲಿ ಬಂದ ಅಧ್ಯಯನವನ್ನು. ಪೂರ್ಣ ಹೊಂದಾಣಿಕೆಗೆ 1 ಎಂದಿಟ್ಟುಕೊಂಡರೆ, ಫೋರ್ಸ್ ಪ್ಲೇಟ್ ಜೊತೆ ಈ ಹಲಗೆಯ ಹೊಂದಾಣಿಕೆ 0.77ರಿಂದ 0.89ರವರೆಗೆ ಬಂತು. ಒಳ್ಳೆಯ ಅಂಕವೇ. ಆದರೆ ಹಲಗೆಯ ಮೇಲೆ ನಿಂತವರು ಕಾಲಿನ ತೊಂದರೆ ಯಾವುದೂ ಇಲ್ಲದವರು. ಎಪ್ಪತ್ತೈದು ದಾಟಿದ, ಮಂಡಿ ಸವೆದ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಆ ಅಂಕವನ್ನು ಹಾಗೇ ಅಂಟಿಸಲಾಗದು.

ಜೋಡಿಸುವ ಹಂತದಲ್ಲೇ ಹಲವರು ಸೋಲುತ್ತಾರೆ. ಬ್ಯಾಟರಿ ಮುಚ್ಚಳದೊಳಗೆ ಕೆಂಪು ಸಿಂಕ್ ಗುಂಡಿ ಇದೆ. ಅದನ್ನು ಒತ್ತಿ, ಕಂಪ್ಯೂಟರಿನಲ್ಲಿ ಬ್ಲೂಟೂತ್ ಸಾಧನ ಹುಡುಕಿ, ಕೋಡ್ ಕೇಳಿದರೆ ಕೋಡ್ ಇಲ್ಲದೆ ಜೋಡಿಸುವ ಆಯ್ಕೆ ಹಿಡಿಯಬೇಕು. ವಿಂಡೋಸ್‌ನಲ್ಲಿ ಸಂಪರ್ಕ ಕಡಿದರೆ ಎಷ್ಟೋ ಸಲ ಹಳೆಯ ಜೋಡಣೆ ಅಳಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ರೋಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡುವ ಕೆಲಸ ಇದಲ್ಲ. ಲಿನಕ್ಸ್ ಬಲ್ಲವರಿಗೆ ಕಿರಿಕಿರಿ ಕಡಿಮೆ, ಅದರ ತಿರುಳಾದ ಕರ್ನಲ್‌ನಲ್ಲೇ ಹಲಗೆಯ ಡ್ರೈವರ್ ಇದೆ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಬ್ಲೂಟೂತ್‌ನಲ್ಲಿ ಓದುಗಳು ಸಮ ಅಂತರದಲ್ಲಿ ಬರುವುದಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. ಪ್ರತಿ ಓದಿನ ಜೊತೆ ಸಮಯವನ್ನೂ ಬರೆದಿಟ್ಟು, ಆಮೇಲೆ ಸೆಕೆಂಡಿಗೆ 50ರಂತೆ ಸಮ ಅಂತರಕ್ಕೆ ತಂದು, 10 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ ಹತ್ತು ಸಲಕ್ಕಿಂತ, ಮೇಲಿನ ಗದ್ದಲವನ್ನು ಸೋಸಬೇಕು. ಹೀಗೆ ಮಾಡದಿದ್ದರೆ ಓಲಾಟದ ಒಟ್ಟು ದಾರಿಯ ಉದ್ದ ಸುಮ್ಮಸುಮ್ಮನೆ ಉಬ್ಬುತ್ತದೆ. ಲೋಡ್ ಸೆಲ್‌ನ ಸಣ್ಣ ನಡುಕವೆಲ್ಲ ದಾರಿಗೆ ಸೇರಿಕೊಳ್ಳುವುದೇ ಕಾರಣ. ಒಂದು ಕ್ಲಿನಿಕ್ಕಿನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಬಾರದು ಎನ್ನುವುದೂ ಇದಕ್ಕೇ. ಸೋಸುವ ಕ್ರಮ ಬದಲಾದರೆ ರೋಗಿ ಬದಲಾಗದೆ ಸಂಖ್ಯೆ ಬದಲಾಗುತ್ತದೆ.

ಅಳೆಯುವ ಮುನ್ನ ಹಲಗೆಯನ್ನು ಗಟ್ಟಿ ನೆಲದ ಮೇಲಿಡಿ. ಕಾರ್ಪೆಟ್ ಬೇಡ. ಕಾರ್ಪೆಟ್‌ಗೆಂದೇ ಕೊಟ್ಟಿರುವ ಎತ್ತರದ ಪಾದಗಳನ್ನೂ ಹಾಕಬೇಡಿ, ಹತ್ತುವವರಿಗೆ ಮೆಟ್ಟಿಲು ಇನ್ನಷ್ಟು ಎತ್ತರವಾಗುತ್ತದೆ. ಖಾಲಿ ಹಲಗೆಯ ಓದನ್ನು ಸೊನ್ನೆ ಮಾಡಿ, ಜಿಮ್ಮಿನ 10 ಕೆ.ಜಿ. ತಟ್ಟೆಯೊಂದನ್ನು ಗುರುತು ಹಾಕಿದ ಐದು ಜಾಗಗಳಲ್ಲಿಟ್ಟು, ಭಾರವೂ ಜಾಗವೂ ಸರಿ ಬರುತ್ತಿದೆಯೇ ನೋಡಿ. ಆಮೇಲೆ ರೋಗಿ ಬರಿಗಾಲಲ್ಲಿ ನಿಲ್ಲಬೇಕು. ಪಾದದ ಸುತ್ತ ಕಾಗದದ ಮೇಲೆ ಗೆರೆ ಎಳೆದಿಟ್ಟುಕೊಂಡು ಮುಂದಿನ ಸಲವೂ ಅದರ ಮೇಲೇ ನಿಲ್ಲಿಸಿ. ಪಾದಗಳ ಅಂತರ ಎರಡು ಬೆರಳು ಹೆಚ್ಚಾದರೂ ಎಡಬಲದ ಓಲಾಟ ಕುಗ್ಗಿ ಸುಧಾರಿಸಿದಂತೆ ಕಾಣುತ್ತದೆ. ಕೈ ಪಕ್ಕಕ್ಕೆ, ನೋಟ ಎದುರುಗೋಡೆಯ ಗುರುತಿಗೆ. ಕಣ್ಣು ತೆರೆದು 30 ಸೆಕೆಂಡ್, ಮುಚ್ಚಿ 30 ಸೆಕೆಂಡ್, ಪ್ರತಿಯೊಂದೂ ಮೂರು ಸಲ. ಹತ್ತಿದ ತಕ್ಷಣದ ಅಲುಗಾಟ ಲೆಕ್ಕಕ್ಕೆ ಬಾರದಂತೆ ಸ್ವಲ್ಪ ಬಿಟ್ಟು ಗಡಿಯಾರ ಶುರು ಮಾಡಿ. ಮಾತಾಡಿಸಬೇಡಿ. ಹಿಂದೆ ಒಬ್ಬರು, ರೋಗಿಯ ಸೊಂಟಕ್ಕೆ ಹಿಡಿಯುವ ಬೆಲ್ಟ್, ಮುಂದೆ ಕೈಗೆಟುಕುವ ಭದ್ರವಾದ ಆಸರೆ, ಇಷ್ಟಿಲ್ಲದೆ ಕಣ್ಣು ಮುಚ್ಚಿಸುವ ಪರೀಕ್ಷೆ ಬೇಡವೇ ಬೇಡ.

ಕಣ್ಣು ಮುಚ್ಚಿದೊಡನೆ ಓಲಾಟ ವಿಪರೀತ ಹೆಚ್ಚಿದರೆ ಪಾದದ ಸ್ಪರ್ಶಜ್ಞಾನ ಅಥವಾ ಒಳಕಿವಿಯ ಕಡೆ ಗಮನ ಹರಿಸಬೇಕು. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ. ಹಲಗೆಯ ನಿಜವಾದ ಉಪಯೋಗ ಇಲ್ಲಿದೆ: ಒಬ್ಬರನ್ನೇ, ಒಂದೇ ಕ್ರಮದಲ್ಲಿ, ತಿಂಗಳುಗಳ ಅಂತರದಲ್ಲಿ ನೋಡುವುದು.

ಮೈ ಬಿಗಿದು ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯವರ ವಿಷಯಕ್ಕೆ ಬಂದರೆ ಹಲಗೆ ದಾರಿ ತಪ್ಪಿಸಬಲ್ಲದು. ಮೈ ಬಿಗಿತದಿಂದ ಕೆಲವರು ಕಂಬದಂತೆ ನಿಲ್ಲುತ್ತಾರೆ. ಓಲಾಟ ಕಡಿಮೆ, ಪರದೆಯ ಮೇಲೆ ಚಂದದ ಚಿಕ್ಕ ವೃತ್ತ, ಆದರೆ ಭುಜ ಹಿಂದಕ್ಕೆಳೆದರೆ ಒಂದು ಹೆಜ್ಜೆಯನ್ನೂ ಇಡದೆ ಬೀಳುತ್ತಾರೆ. ಈ ಕಾಯಿಲೆಯ ಮಾತ್ರೆ ಲೆವೊಡೋಪಾ ನುಂಗಿದ ಮೇಲೆ ಬರುವ ಬೇಡದ ಕುಣಿತ ಓಲಾಟವನ್ನು ಹೆಚ್ಚಿಸುತ್ತದೆ, ನಡಿಗೆ ಮಾತ್ರ ಸುಧಾರಿಸಿರುತ್ತದೆ. ಹೀಗಾಗಿ ಕೊನೆಯ ಮಾತ್ರೆ ನುಂಗಿದ ಗಂಟೆ ಬರೆಯದ ವರದಿಗೆ ಅರ್ಥವಿಲ್ಲ. ಎದ್ದು ನಿಂತು 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿಯುತ್ತದೆಯೇ ಎಂದೂ ನೋಡಬೇಕು. ಇಳಿದರೆ ತಲೆ ತಿರುಗಿ ಬೀಳುವುದಕ್ಕೆ ಅದೂ ಕಾರಣವಾಗಿರಬಹುದು, ಹಲಗೆಗೆ ಅದು ಕಾಣದು.

ನಿಂತಾಗ ಮಾತ್ರ ಕಾಲು ನಡುಗಿ, ನಡೆದರೆ ಅಥವಾ ಕೂತರೆ ಸರಿಹೋಗುವ ಒಂದು ನಡುಕ ಇದೆ. ಅದರ ವೇಗ ಸೆಕೆಂಡಿಗೆ 13ರಿಂದ 18 ಸಲ. ಮೇಲೆ ಹೇಳಿದ 10 ಹರ್ಟ್ಸ್ ಸೋಸುವಿಕೆ ಅದನ್ನು ಪೂರ್ತಿ ಅಳಿಸಿಹಾಕುತ್ತದೆ. ಸೋಸದೆ ಬಿಟ್ಟರೂ ಸಮ ಅಂತರದಲ್ಲಿ ಬಾರದ ಓದಿನಲ್ಲಿ ಅದನ್ನು ನಂಬುವಂತಿಲ್ಲ. ಆ ಸಂಶಯವಿದ್ದರೆ ನರರೋಗ ತಜ್ಞರ ಬಳಿ ಕಾಲಿನ ಸ್ನಾಯುಗಳ ಇಎಂಜಿ, ಅಂದರೆ ಸ್ನಾಯುಗಳ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ, ಮಾಡಿಸಬೇಕು.

ಹಲಗೆಯ ದೊಡ್ಡ ಕೊರತೆ ಅದರ ಗಾತ್ರದಲ್ಲೇ ಇದೆ. ಆಯ ತಪ್ಪಿದಾಗ ಮನುಷ್ಯ ಹೆಜ್ಜೆ ಹಾಕಿ ಸಾವರಿಸಿಕೊಳ್ಳುತ್ತಾನೆ. ನೋಡಬೇಕಾದದ್ದು ಅದನ್ನೇ, ಆದರೆ ಹೆಜ್ಜೆ ಹಾಕಲು ಇಲ್ಲಿ ಜಾಗವಿಲ್ಲ, ಹಾಕಿದರೆ 5 ಸೆಂ.ಮೀ. ಕೆಳಗೆ ಕಾಲು ಜಾರುತ್ತದೆ. ಹಿಮ್ಮಡಿಗೆ ಬೆರಳು ತಾಗಿಸಿ ಒಂದರ ಹಿಂದೊಂದು ಪಾದ ಇಡಿಸಲು ಹಲಗೆಯನ್ನು ಉದ್ದಕ್ಕೆ ತಿರುಗಿಸಬೇಕು. ಆಗಲೂ ಪಾದ ಅಂಚಿಗೆ ಬರುತ್ತದೆ, ಲೆಕ್ಕದಲ್ಲಿ ಎಡಬಲ ಹಿಂದುಮುಂದು ಅದಲುಬದಲಾಗುತ್ತದೆ.

ಹೆಜ್ಜೆಯ ಪರೀಕ್ಷೆ ನೆಲದ ಮೇಲೇ ಆಗಬೇಕು. ಪಾರ್ಕಿನ್ಸನ್ ಪರೀಕ್ಷೆಯ ಭಾಗವಾಗಿ ತಜ್ಞರು ಹಿಂದೆ ನಿಂತು ಭುಜ ಎಳೆಯುತ್ತಾರೆ. ಮೊದಲ ಮೆಲ್ಲನೆಯ ಎಳೆತಕ್ಕೆ ಅಂಕವಿಲ್ಲ. ಆಮೇಲಿನದರಲ್ಲಿ ಒಂದೆರಡು ಹೆಜ್ಜೆಯಲ್ಲಿ ನಿಂತರೆ 0, ಮೂರರಿಂದ ಐದಾದರೆ 1, ಐದಕ್ಕಿಂತ ಹೆಚ್ಚಾದರೂ ತಾನೇ ನಿಂತರೆ 2, ಹಿಡಿಯದಿದ್ದರೆ ಬೀಳುವಂತಿದ್ದರೆ 3. ಮನೆಯವರು ಇದನ್ನು ಮಾಡಿ ನೋಡುವುದು ಸಲ್ಲದು.

ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ, ಮರಳಿ ಕೂರುವ ಪರೀಕ್ಷೆಗೆ ಬೇಕಾದ್ದು ಸುಮಾರು 46 ಸೆಂ.ಮೀ. ಎತ್ತರದ ಕೈಯಿರುವ ಕುರ್ಚಿ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಅಷ್ಟೇ. ಪ್ಲಾಸ್ಟಿಕ್ ಕುರ್ಚಿಯಾದರೆ ಗೋಡೆಗೆ ಒತ್ತರಿಸಿ, ನುಣುಪು ನೆಲದಲ್ಲಿ ಜಾರುತ್ತದೆ. ಹಿರಿಯರಿಗೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವೆಂದು ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿಯ ಮಾರ್ಗಸೂಚಿ ಪರಿಗಣಿಸುತ್ತದೆ. ತಿರುಗುವಾಗ ಕಾಲು ನೆಲಕ್ಕಂಟಿದಂತೆ ನಿಲ್ಲುವುದೂ ಇಲ್ಲಿ ಕಣ್ಣಾರೆ ಕಾಣುತ್ತದೆ. ಈ ಸಂಖ್ಯೆಯನ್ನೂ ಹಿಗ್ಗಿಸಿ ಓದಬಾರದು. ಪಾರ್ಕಿನ್ಸನ್‌ನವರಲ್ಲಿ ನಿಜವಾದ ಬದಲಾವಣೆ ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ 2008ರ ಅಧ್ಯಯನದಲ್ಲಿ 11 ಸೆಕೆಂಡ್, 2011ರದ್ದರಲ್ಲಿ 3.5. ಹಾಗಾಗಿ ಎರಡು ಸೆಕೆಂಡ್ ಬೇಗ ಬಂದರೆಂದು ಸಂಭ್ರಮಿಸುವುದು ಅವಸರ.

ಕಂಪ್ಯೂಟರ್ ಕೆಲಸ ಬಲ್ಲವರಿರುವ ಕಾಲೇಜು, ತೂಕವನ್ನು ಎರಡೂ ಕಾಲಿಗೆ ಸಮ ಹಂಚುವುದನ್ನು ಪರದೆಯಲ್ಲಿ ತೋರಿಸಿ ಕಲಿಸುವ ಪುನಶ್ಚೇತನ ಕೇಂದ್ರ, ಇವರಿಗೆ ಹಲಗೆ ಒಳ್ಳೆಯ ವ್ಯಾಪಾರ. ಅಪ್ಪ ಅಮ್ಮನಿಗಾಗಿ ಮನೆಗೆ ತರುವವರು ಆ ದುಡ್ಡಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ಪರೀಕ್ಷೆ ಮಾಡಿಸುವುದು ಮೇಲು.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಬ್ಯಾಟರಿ ಗೂಡಿನ ತಂತಿಗೆ ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಪ್ರತಿ ಮೂಲೆಯನ್ನೂ ಬೇರೆಬೇರೆಯಾಗಿ ಒತ್ತಿ ನಾಲ್ಕೂ ಓದು ಏರುವುದನ್ನೂ, ಕೈ ತೆಗೆದಾಗ ಸೊನ್ನೆಗೆ ಮರಳುವುದನ್ನೂ ಖಚಿತಪಡಿಸಿಕೊಳ್ಳಿ. ಒಂದು ಮೂಲೆ ಮರಳದಿದ್ದರೆ ಲೋಡ್ ಸೆಲ್ ಬಾಗಿರುವ ಸಾಧ್ಯತೆಯೇ ಹೆಚ್ಚು. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.