ಚಳಿಗಾಲದಲ್ಲಿ ಕೋಳಿಗೆ ನೀರು: ಬಿಸಿ ಪೀಠವೋ, ರಬ್ಬರ್ ಬೋಗುಣಿಯೋ?

ಅಮೆರಿಕದ ಮಿನ್ನೆಸೋಟದಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಪರೂಪವೇನಲ್ಲ. ನೀರು ಸಿಗದ ಕೋಳಿ ಮೇವನ್ನೂ ಬಿಡುತ್ತದೆ, ಮೊಟ್ಟೆಯೂ ನಿಲ್ಲುತ್ತದೆ. ಗೂಡಿಗೆ ಕರೆಂಟ್ ಇದ್ದರೆ, ನೀರಿನ ಪಾತ್ರೆಯ ಅಡಿಗೆ ಇಡುವ, ಥರ್ಮೋಸ್ಟಾಟ್ ಇರುವ ಬಿಸಿ ಪೀಠವನ್ನೇ ತಗೊಳ್ಳಿ. ಚಳಿ ಏರಿದಾಗ ತಾನೇ ಚಾಲೂ ಆಗುತ್ತದೆ. ಮೇಲೆ ತಗಡಿನ ಪಾತ್ರೆಯನ್ನೇ ಇಡಿ, ಸಾದಾ ಪ್ಲಾಸ್ಟಿಕ್ ಕರಗೀತು. ವೈರನ್ನು ಕೋಳಿ ಕುಕ್ಕದಂತೆ ಎತ್ತಿ ಕಟ್ಟಿ.

ಕರೆಂಟ್ ಇಲ್ಲವೇ? ಕಪ್ಪು ರಬ್ಬರ್ ಬೋಗುಣಿ ಅಗ್ಗ, ಒಡೆಯುವುದಿಲ್ಲ. ಕವುಚಿ ತುಳಿದರೆ ಮಂಜುಗಡ್ಡೆ ದಪ್ಪ ರೊಟ್ಟಿಯ ಹಾಗೆ ಇಡಿಯಾಗಿ ಕಳಚಿ ಬೀಳುತ್ತದೆ. ಆದರೆ ದಿನಕ್ಕೆ ಮೂರು ಸಲವಾದರೂ ಉಗುರುಬೆಚ್ಚಗಿನ ನೀರು ಹೊರಬೇಕು. ಆಫೀಸಿಗೆ ಹೋಗುವವರಿಗೆ ಇದು ಆಗದ ಮಾತು. ಬಾಯಿ ಅಗಲವಾದ್ದರಿಂದ ಹುಂಜದ ಗಂಟಲ ಕೆಂಪು ಜೋಲು ನೀರಲ್ಲಿ ಅದ್ದಿ, ಹಿಮಕ್ಕೆ ಮರಗಟ್ಟಿ ಕಪ್ಪಾಗುವ ಭಯವೂ ಉಂಟು.